ಮೊಣಕೈಯ ಹಾಜರಿ

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಇರುವವರು ಇಬ್ಬರೇ, ಅಬ್ಬಾ ಮತ್ತು ನಾನು. ಊಟಕ್ಕೆ ಕರೆಯಬೇಕಾದರೆ ಹಿತ್ತಲಿಗೆ ಹೋಗಿ ಅವನ ಮೊಣಕೈಗೆ ಮೆಲ್ಲಗೆ ತಟ್ಟುತ್ತೇನೆ. ತಿರುಗಿ ನೋಡುತ್ತಾನೆ. ಬೆರಳುಗಳನ್ನು ಬಾಯಿಗೆ ಒಯ್ದು ತೋರಿಸುತ್ತೇನೆ. ಅವನು ಮಡಿಲಲ್ಲಿದ್ದ ಎಲೆಗಳನ್ನು ಕೆಳಗಿಟ್ಟು ಏಳುತ್ತಾನೆ. ಸವಣೂರಿನ ನಮ್ಮ ಓಣಿ ಮುಗಿಯುವಲ್ಲಿಂದಲೇ ಎಲೆತೋಟಗಳು. ತೋಟದವರು ಬುಟ್ಟಿಯಲ್ಲಿ ತಂದು ಸುರಿದ ವೀಳ್ಯದೆಲೆಯಲ್ಲಿ ಹರಿದದ್ದು, ಚುಕ್ಕೆ ಬಿದ್ದದ್ದು, ಒಳ್ಳೆಯದು ಎಂದು ಬೇರೆ ಮಾಡಿಕೊಡುವುದು ಈಗ ಅಬ್ಬಾನ ಕೆಲಸ. ಅದಕ್ಕೆ ಕಣ್ಣು ಸಾಕು, ಕಿವಿ ಬೇಡ.

ಅಬ್ಬಾನಿಗೆ ಮಾತು ಬರುವುದಿಲ್ಲವೆಂದಲ್ಲ. ಅಲ್ಲಾಭಕ್ಷ ಹವಾಲ್ದಾರನ ದನಿ ಎಂದರೆ ಒಂದು ಕಾಲಕ್ಕೆ ಸಂತೆಯ ಗದ್ದಲವನ್ನೂ ಸೀಳಿಕೊಂಡು ಹೋಗುತ್ತಿತ್ತು. ಈಗ ತನ್ನ ದನಿ ಎಷ್ಟು ದೊಡ್ಡದಾಗಿ ಹೊರಟಿದೆ ಎಂಬುದು ಅವನಿಗೇ ತಿಳಿಯುವುದಿಲ್ಲ. ಒಮ್ಮೆ ತಿಂಡಿಯ ಅಂಗಡಿಯ ಮುಂದೆ ಕರಿದ ಖಾರದ ಪೊಟ್ಟಣ ಕೇಳಿದ್ದಕ್ಕೆ ಓಣಿಯವರೆಲ್ಲ ಜಗಳ ಬಿತ್ತೆಂದು ಹೊರಗೆ ಬಂದರು. ಅಂದಿನಿಂದ ಮಾತು ಕಡಿಮೆ ಮಾಡಿದ.

ಕಿವಿ ಹೋದ ಮೇಲೆ ನಮ್ಮ ಮನೆಯ ಭಾಷೆಯೂ ಬದಲಾಯಿತು. ಅಮ್ಮಿ ಇದ್ದಾಗ ಮನೆಯಲ್ಲಿ ಉರ್ದು. ಆದರೆ ತುಟಿ ಓದುವುದನ್ನು ಅಬ್ಬಾ ಕಲಿತದ್ದು ಠಾಣೆಯಲ್ಲಿ, ಕನ್ನಡ ಆಡುವ ತುಟಿಗಳಿಂದ. ಉರ್ದುವಿನಲ್ಲಿ ಹೇಳಿದರೆ ಅವನ ಹುಬ್ಬು ಗಂಟಿಕ್ಕುತ್ತದೆ. ಕನ್ನಡದಲ್ಲಿ, ಎದುರು ಕೂತು, ಬಿಡಿಸಿ ಹೇಳಿದರೆ ಹಿಡಿಯುತ್ತಾನೆ. ಅಮ್ಮಿ ತೀರಿಕೊಂಡ ಮೇಲೆ ಮನೆಯಲ್ಲಿ ಆ ಭಾಷೆಗೆ ಯಾರೂ ಉಳಿಯಲಿಲ್ಲ. ರೊಟ್ಟಿ ಬಡಿಯುವಾಗ ಒಮ್ಮೊಮ್ಮೆ ನಾನೇ ಒಂದೆರಡು ಮಾತು ಹೇಳಿಕೊಳ್ಳುತ್ತೇನೆ, ಅಮ್ಮಿ ಬೈಯುತ್ತಿದ್ದ ಹಾಗೆ.

ಬಿ.ಎ. ಮುಗಿದು ಮನೆಯಲ್ಲಿದ್ದೇನೆ. ನಾಲ್ಕು ಜನ ಸೇರಿದಲ್ಲಿ ನನ್ನ ದನಿ ಗಂಟಲು ದಾಟುವುದಿಲ್ಲ. ಕಾಲೇಜಿನಲ್ಲಿ ಹಾಜರಿ ಕರೆಯುವಾಗ ನಾನು ಓಗೊಟ್ಟದ್ದು ಸರ್‌ಗೆ ಕೇಳದೆ, ಮೂರನೆಯ ಬೆಂಚಿನಲ್ಲಿ ಕಣ್ಣೆದುರಿಗೇ ಕೂತಿದ್ದರೂ ಎಷ್ಟೋ ದಿನ ಗೈರುಹಾಜರಿ ಬಿದ್ದಿದೆ. ಎದ್ದು ಹೇಳುವ ಧೈರ್ಯವಿಲ್ಲದೆ ಹಾಗೇ ಬಿಟ್ಟಿದ್ದೇನೆ. ಮನೆಯಲ್ಲಿ ಆ ಕಷ್ಟವಿಲ್ಲ. ಕೇಳದ ಅಪ್ಪನಿಗೆ ಮಾತಾಡದ ಮಗಳು.

ಹೀಗೇ ಇದ್ದುಬಿಡುತ್ತಿದ್ದೆವೇನೋ, ಇಲಾಖೆಯ ಉತ್ತರ ಬರದಿದ್ದರೆ.

ನಡೆದದ್ದು ಇಷ್ಟು. ಅಬ್ಬಾ ನೌಕರಿಯಲ್ಲಿದ್ದಾಗ ಶಿಗ್ಗಾಂವಿಯ ಬಯಲಿನಲ್ಲಿ ಪೊಲೀಸರ ಕವಾಯತು ಇತ್ತು. ಅರ್ಧ ಜನ ದಂಗೆಕೋರರಂತೆ ಕಲ್ಲು ಹಿಡಿದು ನಿಲ್ಲಬೇಕು, ಇನ್ನರ್ಧ ಜನ ಅವರನ್ನು ಚದುರಿಸಬೇಕು. ಅಬ್ಬಾ ಲಾರಿಯ ಮೇಲಿದ್ದ. ಅಶ್ರುವಾಯುವಿನ ಒಂದು ಶೆಲ್ಲು ಹಾರಬೇಕಾದಲ್ಲಿ ಹಾರದೆ ಅವನ ಪಕ್ಕದಲ್ಲೇ ಸಿಡಿಯಿತು. ಮೇಲಿನಿಂದ ಬಿದ್ದ, ಮೊಣಕಾಲು ಚೂರಾಯಿತು. ಆಸ್ಪತ್ರೆಯಲ್ಲಿ ಎಲ್ಲರೂ ನೋಡಿದ್ದು ಆ ಕಾಲನ್ನೇ. ಕಿವಿಯಲ್ಲಿ ಯಾರೋ ಸೀಟಿ ಊದುತ್ತಿರುವಂತೆ ಇತ್ತಂತೆ, ನಾಲ್ಕು ದಿನಕ್ಕೆ ನಿಲ್ಲುತ್ತದೆ ಅಂದುಕೊಂಡನಂತೆ. ಸೀಟಿ ನಿಲ್ಲಲಿಲ್ಲ. ಉಳಿದ ಸದ್ದುಗಳೇ ವರ್ಷದಿಂದ ವರ್ಷಕ್ಕೆ ಒಂದೊಂದಾಗಿ ನಿಂತವು. ಅವನು ಯಾರಿಗೂ ಹೇಳಲಿಲ್ಲ. ಕುಂಟನಿಗೆ ಠಾಣೆಯಲ್ಲಿ ಒಂದು ಕುರ್ಚಿ ಸಿಗುತ್ತದೆ, ಕಿವುಡನಿಗೆ ಅದೂ ಇಲ್ಲ. ಅಮ್ಮಿಯ ಔಷಧ, ನನ್ನ ಶಾಲೆ, ಎಲ್ಲ ಆ ಕುರ್ಚಿಯ ಮೇಲೆ ನಿಂತಿತ್ತು.

ಕಡೆಗೆ ಮೊಣಕಾಲು ಪೂರ್ತಿ ಕೈಕೊಟ್ಟಾಗ ವೈದ್ಯರ ಮಂಡಳಿಯ ಮುಂದೆ ನಿಲ್ಲಿಸಿದರು. ಮುಖಕ್ಕೆ ಮಾಸ್ಕು ಹಾಕಿದ್ದ ವೈದ್ಯರು ಬೇರೆ ಏನಾದರೂ ತೊಂದರೆ ಇದೆಯೇ ಎಂದು ಕೇಳಿರಬೇಕು. ಅಬ್ಬಾನಿಗೆ ಅವರ ತುಟಿ ಕಾಣಲಿಲ್ಲ. ವೈದ್ಯರು ಏನು ಕೇಳಿದರೂ ಇಲ್ಲ ಎನ್ನಬೇಕು ಎಂಬುದು ಪೊಲೀಸರು ಹೊಸಬರಿಗೆ ಕಲಿಸುವ ಮೊದಲ ಪಾಠ. "ಇಲ್ರಿ ಸಾಹೇಬ್ರ" ಎಂದ. ಹಾಗೆಂದು ಬರೆದುಕೊಂಡರು. ಕಾಲಿನ ಕಾರಣಕ್ಕೆ ಪಿಂಚಣಿ ಕೊಟ್ಟು ಮನೆಗೆ ಕಳಿಸಿದರು.

ಕಿವಿಯೂ ಅದೇ ದಿನದ ಗಾಯ, ಅದನ್ನೂ ಸೇರಿಸಿ ಎಂದು ಅಬ್ಬಾ ಅರ್ಜಿ ಹಾಕಿದ್ದು ಅಮ್ಮಿ ಹೋದ ಮೇಲೆ. ಉತ್ತರ ಬಂತು. ಅರ್ಜಿದಾರರು ಸೇವೆಯಲ್ಲಿದ್ದಾಗ ಎಂದೂ ಹೇಳದ ಗಾಯವನ್ನು ಈಗ ಸುಳ್ಳಾಗಿ ಸೃಷ್ಟಿಸಿದ್ದಾರೆ, ತಿರಸ್ಕರಿಸಲಾಗಿದೆ. ಅಬ್ಬಾ ಅದನ್ನು ಓದಿ ಮಡಚಿದ, ಮತ್ತೆ ಬಿಚ್ಚಿದ, 'ಸುಳ್ಳಾಗಿ' ಎಂಬುದರ ಮೇಲೆ ಹೆಬ್ಬೆರಳು ಇಟ್ಟು ನನಗೆ ತೋರಿಸಿದ.

"ಪಿಂಚಣಿ ಹೆಚ್ಚಿಗಿ ಕೊಡೂದ ಬ್ಯಾಡ ನುಜೀ," ಎಂದ. ಓಣಿಗೆಲ್ಲ ಕೇಳಿಸಿತು. "ಇದೊಂದ ಅಕ್ಷರ ತಗೀಲಿ. ಮಂದಿ ಸುಳ್ಳ ಹಿಡ್ಯಾಂವ ಇದ್ನಿ ನಾ. ಈಗ ನನ್ನ ಹಿಡದಾರ."

ಕೇಸು ಹಾಕಿದ್ದು ಹೀಗೆ. ನ್ಯಾಯಮಂಡಳಿ ಒಂದೆರಡು ವರ್ಷ ಇಟ್ಟುಕೊಂಡು, ಅರ್ಜಿದಾರನನ್ನು ಎದುರಿಗೆ ಕರೆದು ಕೇಳದೆ ಸುಳ್ಳು ಎನ್ನುವುದು ಸರಿಯಲ್ಲ, ವಿಚಾರಣಾಧಿಕಾರಿಯೊಬ್ಬರು ಕೂತು ಕೇಳಲಿ ಎಂದು ವಾಪಸ್ ಕಳಿಸಿತು. ನಮ್ಮ ವಕೀಲರು ಹಾನಗಲ್ಲಿನ ರಂಜನಾ ಮೇಡಮ್. ವಿಚಾರಣೆಯ ತಾರೀಖು ಬಂದಾಗ ನಮ್ಮಿಬ್ಬರನ್ನೂ ಕಚೇರಿಗೆ ಕರೆಸಿದರು.

"ನೋಡವ್ವಾ ನುಜಹತ, ಅವರ ಕೈಯಾಗ ಇರೂದು ಒಂದ ಅಸ್ತ್ರ," ಎಂದರು ಮೇಡಮ್, ಅಬ್ಬಾನಿಗೆ ತುಟಿ ಕಾಣಲೆಂದು ಅವನತ್ತಲೇ ಮುಖ ಮಾಡಿ. "ಠಾಣೆದ ಹಾಜರಿ ಪುಸ್ತಕ. ಸೇವಾ ಬಿಡೂ ದಿನದ ತನಕಾ ಮುಂಜಾನೆ ಹೆಸರ ಕೂಗಿದಾಗ ನಿಮ್ಮಪ್ಪ ಒಮ್ಮಿನೂ ತಪ್ಪಿಲ್ಲ. ಕಿವಿ ಕೇಳದಾಂವ ಹೆಂಗ ಓ ಅಂತಾನ್ರೀ? ಕಿವಿ ಹೋಗಿದ್ದು ಮನಿಗೆ ಹೋದ ಮ್ಯಾಲೆ, ವಯಸ್ಸಾಗಿ ಅಂತಾರ ಅವರು. ಏನ ಉತ್ತರ ಕೊಡೂಣು?"

ಉತ್ತರ ನನಗೆ ಗೊತ್ತಿತ್ತು. ಸಣ್ಣವಳಿದ್ದಾಗ ಮುಂಜಾನೆ ಬುತ್ತಿ ಕೊಡಲು ಠಾಣೆಗೆ ಹೋದ ಒಂದು ದಿನ ಕಣ್ಣಾರೆ ಕಂಡಿದ್ದೆ. ಪೊಲೀಸರು ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಸಾಹೇಬರು ಪುಸ್ತಕದಲ್ಲಿ ಮುಖ ಹುದುಗಿಸಿ ಹೆಸರು ಕೂಗುತ್ತಿದ್ದರು. ಅಬ್ಬಾನ ಬಲಗಡೆ ಫಕ್ಕೀರಪ್ಪ ಕಾಕಾ. "ಅಲ್ಲಾಭಕ್ಷ" ಎಂದು ಕೂಗಿದ ಕೂಡಲೇ ಕಾಕಾನ ಮೊಣಕೈ ಅಬ್ಬಾನ ಮೊಣಕೈಗೆ ತಾಗಿತು, ಅಷ್ಟೇ, ನೊಣ ಓಡಿಸಿದಷ್ಟು. "ಹಾಜರ್ ಸರ್!" ಎಂದ ಅಬ್ಬಾ, ಎದೆ ಸೆಟೆಸಿ. ಇಬ್ಬರೂ ಎದುರಿನ ಗೋಡೆ ನೋಡುತ್ತಿದ್ದರು. ಮುಂದೆ ತಿಳಿಯಿತು, ಅದು ದಿನದ ಕತೆ. ಕಾಕಾನಿಗೆ ರಜೆ ಇದ್ದ ದಿನ ಅಬ್ಬಾನೂ ರಜೆ ಹಾಕುತ್ತಿದ್ದ. ಯಾವ ಕೆಲಸಕ್ಕೂ ಇಬ್ಬರೂ ಜೋಡಿಯಾಗಿಯೇ ನಿಲ್ಲುತ್ತಿದ್ದರು. ಠಾಣೆಯಲ್ಲಿ ಅವರಿಗೆ ಎತ್ತಿನ ಜೋಡಿ ಎಂದು ಹೆಸರಿತ್ತಂತೆ.

ನಾನು ಅಬ್ಬಾನನ್ನು ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ.

"ಯಾರರ ಸನ್ನಿ ಮಾಡ್ತಿದ್ರೇನ್ರಿ?" ಮೇಡಮ್ ಕೇಳಿದರು. "ಅಂಥಾವ್ರು ಒಬ್ರು ಬಂದು ಹೌದ್ರಿ ಅಂದ್ರ ಮುಗೀತು."

"ಯಾರೂ ಇಲ್ರಿ ಮೇಡಮ್," ಎಂದ ಅಬ್ಬಾ. "ನಾನ ಬಾಜೂದವ್ರನ್ನ ನೋಡಕೋತ ಅಂದಾಜಿಲೆ ಹೇಳ್ತಿದ್ನಿ."

ಸುಳ್ಳುಗಾರ ಅನ್ನಿಸಿಕೊಳ್ಳಬಾರದೆಂದು ಕೇಸು ಹಾಕಿದವನು ಆ ಕೇಸಿನಲ್ಲಿ ಆಡಿದ ಒಂದೇ ಸುಳ್ಳು ಅದು.

ಹೊರಗೆ ಬಂದ ಮೇಲೆ, ನಾನು ಏನೂ ಕೇಳದಿದ್ದರೂ ಹೇಳಿದ: "ಫಕ್ಕೀರನ ನೌಕರಿ ಇನ್ನ ಮುಗದಿಲ್ಲ. ಕಿವುಡನ್ನ ಡ್ಯೂಟಿ ಮ್ಯಾಲೆ ಮುಚ್ಚಿಟ್ಟಾಂವಾ ನೀನ ಅಂತ ಅವನ ಕುತಗಿಗೆ ಬರ್ತಾರ. ಅವನ ಹೆಸರ ತಗದಿ ಅಂದ್ರ ನೀ ನನ್ನ ಮಗಳ ಅಲ್ಲ."

ಅವನಿಗೆ ಹೇಳದೆ ನಾನು ಹಿರೇಕೆರೂರಿಗೆ ಹೋದೆ. ಹೆಸರು ತೆಗೆಯಲು ಅಲ್ಲ, ಕೇಳಲು. ಕಾಕಾ ಈಗ ಆ ಕಡೆ ಡ್ಯೂಟಿಯಲ್ಲಿದ್ದಾರೆ, ಎಎಸ್‌ಐ ಆಗಿದ್ದಾರೆ. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. ರಟ್ಟೀಹಳ್ಳಿಯಲ್ಲಿ ಬಸ್ಸು ಬದಲಿಸಿ ಕಿಟಕಿಯ ಪಕ್ಕ ಕೂತು, ಕಾಕಾನಿಗೆ ಹೇಳಬೇಕಾದ ಮಾತನ್ನು ತುಟಿಯೊಳಗೇ ಜೋಡಿಸಿಕೊಂಡೆ. ಕಂಡಕ್ಟರ್ ನನ್ನ ತುಟಿ ನೋಡಿ, "ಏನ್ರಿ ಅಕ್ಕಾರ, ಚಿಲ್ರಿ ಬೇಕೇನ?" ಎಂದ. ಜೋಡಿಸಿದ್ದೆಲ್ಲ ಚದುರಿತು.

ಕಾಕಾ ಚಹಾದಂಗಡಿಯ ಮುಂದೆ ಬೆಂಚಿನ ಮೇಲೆ ಕೂತಿದ್ದರು. ಟೊಪ್ಪಿಗೆ ತೊಡೆಯ ಮೇಲೆ. ನನ್ನನ್ನು ನೋಡಿ ಗುರುತು ಸಿಕ್ಕಲು ಸ್ವಲ್ಪ ಹೊತ್ತು ಹಿಡಿಯಿತು.

"ಏ! ಬಕ್ಷ್ಯಾನ ಮಗಳ! ಏನವ್ವಾ, ಬಾಯಿ ಬಂತೇನ ನಿನಗ, ಇಲ್ಲಾ ಇನ್ನೂ ಮನ್ಯಾಗ ಬಿಟ್ಟ ಬಂದಿಯೇನ?"

ನಕ್ಕೆ. ಸವಣೂರಿನ ಖಾರದ ಪೊಟ್ಟಣ ಮುಂದೆ ಹಿಡಿದೆ. ಅವರು ಬಿಚ್ಚಿ ಮೂಗಿಗೆ ಹಿಡಿದರು.

"ಇದನ್ನ ತಿಂದ ನನ್ನ ಹಲ್ಲ ಹ್ವಾದ್ವು. ನಿಮ್ಮಪ್ಪನ ಕಿವಿ, ನನ್ನ ಹಲ್ಲು. ಎತ್ತಿನ ಜೋಡಿ ಈಗ ಸಂತಿಗೆ ಒಯ್ದ್ರೂ ಯಾರೂ ತಗೊಳ್ಳೂದಿಲ್ಲ." ಅಂಗಡಿಯವನಿಗೆ ಇನ್ನೊಂದು ಚಹಾ ಹೇಳಿದರು. "ಹೆಂಗದಾನ?"

"ಆರಾಮ ಅದಾನ್ರಿ."

"ಕೇಸೂ?"

ನಾನು ಚಹಾದ ಲೋಟ ನೋಡುತ್ತ ಕೂತೆ. ಲಾರಿಯೊಂದು ಹೋಯಿತು, ಇನ್ನೊಂದು ಹೋಯಿತು. ಕಾಕಾ ಪೊಲೀಸರು, ಸುಮ್ಮನಿರುವವರನ್ನು ಓದುವುದು ಅವರಿಗೆ ಹೊಸತಲ್ಲ.

"ಹಾಜರಿ ಪುಸ್ತಕಾ ತೋರ್ಸ್ಯಾರ, ಹೌದಲ್ಲೋ?" ಎಂದರು ಮೆಲ್ಲಗೆ.

ತಲೆಯಾಡಿಸಿದೆ.

"ನಾ ಬಂದು ಹೇಳ್ಬೇಕು."

"ಅಬ್ಬಾ ಬ್ಯಾಡ ಅಂದಾನ್ರಿ. ನಿಮ್ಮ ಹೆಸರ ತಗದ್ರ ನಾ ಮಗಳ ಅಲ್ಲ ಅಂದಾನ. ಇಲ್ಲಿಗೆ ಬಂದಿದ್ದೂ ಅವಗ ಗೊತ್ತಿಲ್ರಿ."

ಕಾಕಾ ಟೊಪ್ಪಿಗೆಯನ್ನು ತಿರುಗಿಸುತ್ತ ಕೂತರು. "ಬ್ಯಾಡ ಅಂದ್ನಾ," ಎಂದು ತಮಗೇ ಹೇಳಿಕೊಂಡರು. ನನ್ನ ಕಡೆ ನೋಡದೆ, "ಯವ್ವಾ, ನಾ ಅಂಜೂ ಮನಷ್ಯಾ ಇದ್ದಿದ್ರ ಅವತ್ತ ಮೊಣಕೈ ತಟ್ಟತಿರಲಿಲ್ಲ. ಆದ್ರ ಈಗ ಅಂಜಿಕಿ ಬರತೈತಿ ನೋಡು. ಮನ್ಯಾಗ ನಮ್ಮಾಕಿ ಹಾಸಿಗಿ ಹಿಡದಾಳ. ಕಡೀ ಕಾಲಕ್ಕ ನೋಟೀಸ ಬಂತಂದ್ರ ಬರೂ ಪಿಂಚಣಿ ರೊಕ್ಕೆಲ್ಲಾ ಅಲ್ಲೆ ನಿಂದರತೈತಿ," ಎಂದರು.

"ಬ್ಯಾಡ ಬಿಡ್ರಿ ಕಾಕಾ."

"ತಡಿ. ತಾರೀಖಿಗೆ ಬರ್ತೇನಿ. ಸಾಕ್ಷಿ ಹೇಳಾಕಲ್ಲ, ಜೊತಿಗೆ. ಹಾನಗಲ್ ಸ್ಟ್ಯಾಂಡಿನ್ಯಾಗ ಬಸ್ಸಿನ ಹಾರನ್ ಕೇಳಸಲಾರದ ಎಲ್ಲೆರೆ ಗಾಲಿ ಬುಡಕ ಹೋಗಿ ಬಿದ್ದಾನ ಮಗಾ."

ವಾಪಸ್ ಬರುವಾಗ ಬಸ್ಸಿನಲ್ಲಿ ಜನವಿರಲಿಲ್ಲ. ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲು ಬರುವಂತಿರಲಿಲ್ಲ. ಅದೇ ಕಷ್ಟವಾಗಿತ್ತು.

ವಿಚಾರಣೆ ಹಾನಗಲ್ಲಿನಲ್ಲಿ, ಸರ್ಕಾರಿ ಕಟ್ಟಡವೊಂದರ ಉದ್ದನೆಯ ಕೋಣೆಯಲ್ಲಿ. ವಿಚಾರಣಾಧಿಕಾರಿ ನಿವೃತ್ತ ನ್ಯಾಯಾಧೀಶರು, ದಕ್ಷಿಣದ ಕಡೆಯವರು, ತೆಳ್ಳಗೆ, ಬಿಳಿ ಅಂಗಿ. ಅವರ ಎಡಕ್ಕೆ ಇಲಾಖೆಯ ಪರವಾಗಿ ವಾದಿಸುವ ಅಧಿಕಾರಿ. ಬಲಕ್ಕೆ ರಂಜನಾ ಮೇಡಮ್. ನಾವು ಅವರಿಗೆ ಎದುರಾಗಿ, ಬಾಗಿಲಿಗೆ ಬೆನ್ನು ಮಾಡಿ, ಒಂದೇ ಬೆಂಚಿನ ಮೇಲೆ ಕೂತಿದ್ದೆವು: ಗೋಡೆಯ ಬದಿ ಅಬ್ಬಾ, ಅವನ ಬಲಕ್ಕೆ ಕಾಕಾ, ಆಮೇಲೆ ನಾನು. ಕಾಕಾ ಸಾದಾ ಅಂಗಿಯಲ್ಲಿ ಬಂದಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ನೋಡಿ ಅಬ್ಬಾ ಮೊದಲು ಹಿಗ್ಗಿದ, ಆಮೇಲೆ ಮುಖ ಗಂಟು ಹಾಕಿ, "ಬಾಯಿ ತಗದಿ ಅಂದ್ರ ನೋಡ ಮತ್ತ, ಫಕ್ಕೀರಾ," ಎಂದು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಎಚ್ಚರಿಸಿದ. "ಕಿವಿ ಹ್ವಾದ್ರೂ ನಿನ್ನ ಗಂಟಲ ಹೋಗಲಿಲ್ಲ ನೋಡು," ಎಂದಿದ್ದರು ಕಾಕಾ.

ಅಬ್ಬಾನಿಗೆ ಪ್ರಶ್ನೆಗಳನ್ನು ಬರೆದು ಕೊಟ್ಟರು, ಅವನು ಬಾಯಲ್ಲಿ ಉತ್ತರ ಹೇಳಿದ. ಶೆಲ್ಲು, ಲಾರಿ, ಸೀಟಿ. ಮಂಡಳಿಯ ಮುಂದೆ ಯಾಕೆ ಹೇಳಲಿಲ್ಲ ಎಂದದ್ದಕ್ಕೆ "ಏನ ಕೇಳಿದ್ರೋ ನನಗ ಕೇಳಲಿಲ್ರಿ" ಎಂದಾಗ ಇಲಾಖೆಯ ಅಧಿಕಾರಿ ನಕ್ಕರು. ಹಾಜರಿ ಪುಸ್ತಕಗಳನ್ನು ಮೇಜಿನ ಮೇಲೆ ಒಟ್ಟಿದರು. ಅವರ ವಾದ ಮೇಡಮ್ ಹೇಳಿದಂತೆಯೇ ಇತ್ತು. ಅಬ್ಬಾ ಬೆಂಚಿಗೆ ಮರಳಿ ಕೂತ. ಅಧಿಕಾರಿಗಳು ತಮ್ಮತಮ್ಮಲ್ಲಿ ಮಾತಾಡತೊಡಗಿದರು. ನೋಡಲು ಇನ್ನೇನೂ ಇಲ್ಲದಿದ್ದಾಗ ಮಾಡುವಂತೆ ಅಬ್ಬಾ ಮೇಲೆ ತಿರುಗುವ ಫ್ಯಾನು ನೋಡುತ್ತಿದ್ದ.

ಇಲಾಖೆಯ ಅಧಿಕಾರಿ ಯಾವಾಗ ಕಣ್ಸನ್ನೆ ಮಾಡಿದರೋ ನನಗೆ ಕಾಣಲಿಲ್ಲ. ನಮ್ಮ ಹಿಂದೆ, ಬಾಗಿಲಿನಿಂದ, ಪೇದೆಯೊಬ್ಬ ಎತ್ತರದ ದನಿಯಲ್ಲಿ ಕೂಗಿದ.

"ಅಲ್ಲಾಭಕ್ಷ!"

ಕೂಗು ಮುಗಿಯುವ ಮೊದಲೇ ಅಬ್ಬಾ ಎದ್ದು ನಿಂತಿದ್ದ. ಕೆಟ್ಟ ಮೊಣಕಾಲನ್ನೂ ಮರೆತು, ಎದೆ ಸೆಟೆಸಿ, ಎದುರಿನ ಗೋಡೆ ನೋಡುತ್ತ.

"ಹಾಜರ್ ಸರ್!"

ಆಮೇಲೆ ಇಲಾಖೆಯ ಅಧಿಕಾರಿ ಎರಡೂ ಕೈ ಬಿಚ್ಚಿ, "ಸರ್, ನಾ ಇನ್ನ ಏನೂ ಹೇಳೂದಿಲ್ಲ. ಅವ್ರ ಹೇಳ್ಯಾರ," ಎಂದರು. ರಂಜನಾ ಮೇಡಮ್‌ರ ಪೆನ್ನು ಹಿಡಿದಲ್ಲೇ ನಿಂತಿತ್ತು. ವಿಚಾರಣಾಧಿಕಾರಿ ಕನ್ನಡಕ ತೆಗೆದು ಅಬ್ಬಾನನ್ನು ನೋಡಿದರು, ಬೇಸರದಿಂದ.

ಕಾಕಾ ತಮ್ಮ ಬಲ ಅಂಗೈಯಿಂದ ಎಡ ಮೊಣಕೈಯನ್ನು ಹಿಡಿದುಕೊಂಡು ಕೂತಿದ್ದರು, ಕಳ್ಳನ ಕೈ ಹಿಡಿದ ಹಾಗೆ.

ಕೂಗಿಗೆ ಆ ಮೊಣಕೈ ಅಬ್ಬಾನಿಗೆ ತಾಗಿದ್ದನ್ನು ಕೋಣೆಯಲ್ಲಿ ಕಂಡವಳು ನಾನೊಬ್ಬಳೇ. ನಾನು ಸುಮ್ಮನಿದ್ದರೆ ಅಬ್ಬಾ ಸುಳ್ಳುಗಾರನಾಗಿ ಸವಣೂರಿಗೆ ಮರಳುತ್ತಾನೆ. ಹೇಳಿದರೆ ಕಾಕಾ ಸಿಕ್ಕಿಬೀಳುತ್ತಾರೆ. ಹೇಗೆ ಎದ್ದೆನೋ ಗೊತ್ತಿಲ್ಲ. ಎದ್ದ ಮೇಲೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಏನಮ್ಮ?" ವಿಚಾರಣಾಧಿಕಾರಿ ಕೇಳಿದರು.

ನಾನು ಹೇಳಿದೆ.

"ಕೇಳಿಸ್ತಿಲ್ಲ. ಜೋರಾಗಿ ಹೇಳಿ."

"ಇನ್ನೊಮ್ಮೆ ಕರೀರಿ ಸರ್," ಎಂದೆ. ಆ ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ. "ನಾ ಅಬ್ಬಾನ ಬಾಜೂಕ ಕೂಡ್ತೇನಿ. ಆಮ್ಯಾಲೆ ಇನ್ನೊಮ್ಮೆ ಕರೀರಿ."

ಅವರು ನನ್ನನ್ನು ನೋಡಿದರು. ಕಾಕಾನನ್ನು ನೋಡಿದರು. ಕಾಕಾ ಹಿಡಿದುಕೊಂಡಿದ್ದ ಮೊಣಕೈಯನ್ನು ಸ್ವಲ್ಪ ಹೊತ್ತು ನೋಡಿದರು. "ಕೂತ್ಕೊಳ್ಳಿ," ಎಂದರು.

ಕಾಕಾ ಬೆಂಚಿನ ತುದಿಗೆ ಸರಿದರು. ನಾನು ನಡುವೆ ಕೂತೆ. ಅಬ್ಬಾನಿಗೆ ಕೂರಲು ಮೇಡಮ್ ಸನ್ನೆ ಮಾಡಿದರು. ಕೆಲಸ ಮುಗಿಯಿತೆಂದುಕೊಂಡು ಅವನು ಕೂತು, ಬಗ್ಗಿ ಮೊಣಕಾಲಿನ ಪಟ್ಟಿ ಸರಿಮಾಡಿಕೊಳ್ಳತೊಡಗಿದ. ಅದೇ ಹೊತ್ತಿಗೆ ವಿಚಾರಣಾಧಿಕಾರಿ, "ಎಲ್ಲರೂ ನಿಮ್ಮ ನಿಮ್ಮ ಕಾಗದ ನೋಡ್ಕೊಳ್ಳಿ. ಯಾರೂ ಅವರ ಕಡೆ ನೋಡಬೇಡಿ," ಎಂದರು. ಅಬ್ಬಾ ತಲೆ ಎತ್ತಿದಾಗ ಯಾರೂ ಅವನನ್ನು ನೋಡುತ್ತಿರಲಿಲ್ಲ. ಅವನು ಮತ್ತೆ ಫ್ಯಾನು ನೋಡಿದ.

"ಅಲ್ಲಾಭಕ್ಷ!"

ನಾನು ಎರಡೂ ಕೈಗಳನ್ನು ತೊಡೆಗಳ ಕೆಳಗೆ ಹಾಕಿಕೊಂಡಿದ್ದೆ. ಅವು ಅಲ್ಲಿ ನಿಲ್ಲುತ್ತಿರಲಿಲ್ಲ. ಊಟಕ್ಕೆ, ಬಾಗಿಲಿಗೆ ಯಾರೋ ಬಂದದ್ದಕ್ಕೆ, ಹಾಲು ಉಕ್ಕಿದ್ದಕ್ಕೆ, ಅಮ್ಮಿಯ ಉಸಿರು ನಿಂತ ಮುಂಜಾನೆಗೆ, ಎಲ್ಲದಕ್ಕೂ ನಾನು ತಟ್ಟಿದ್ದ ಮೊಣಕೈ ಗೇಣು ದೂರದಲ್ಲಿತ್ತು.

"ಅಲ್ಲಾಭಕ್ಷ!"

ಪೇದೆ ಈ ಸಲ ಕಿರುಚಿದ. ಹೊರಗೆ ಮರದ ಮೇಲಿದ್ದ ಹಕ್ಕಿಗಳು ಎದ್ದವು. ಅಬ್ಬಾನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇಡೀ ಕೋಣೆ ಅವನ ಹೆಸರಿನಿಂದ ತುಂಬಿತ್ತು, ಅವನು ಅದರೊಳಗೆ ಇರಲಿಲ್ಲ. ಅವನು ಎಲ್ಲಿ ಕೂತಿರುತ್ತಾನೆ ಎಂಬುದು ನನಗೆ ಅವತ್ತು ಕಂಡಿತು. ನಾನು ದಿನಾ ತಟ್ಟಿ ಅವನನ್ನು ಅಲ್ಲಿಂದ ಕರೆತರುತ್ತಿದ್ದೆ, ಒಮ್ಮೆಯೂ ಒಳಗೆ ಇಣುಕಿರಲಿಲ್ಲ.

ಮೂರನೆಯ ಕೂಗಿಗೆ ವಿಚಾರಣಾಧಿಕಾರಿ ಕೈ ಎತ್ತಿ, "ಸಾಕು," ಎಂದರು. ಆಮೇಲೆ ಬೆಂಚಿನ ತುದಿಯ ಕಡೆ ನೋಡಿ, "ನೀವು ಯಾರು?" ಎಂದರು.

ಕಾಕಾ ಎದ್ದರು. "ಸಾಹೇಬ್ರ, ನಾನು..."

ಅಬ್ಬಾ ಕಾಕಾನ ತುಟಿ ನೋಡಿಬಿಟ್ಟ. ಗೋಡೆ ಹಿಡಿದು ಎದ್ದ. "ಇವ ನನ್ನ ಜೊತಿಗೆ ಬಂದಾನ್ರಿ ಸಾಹೇಬ್ರ!" ಎಂದು ಕೂಗಿದ. "ಬಸ್ ಹತ್ತಸಾಕ ಬಂದಾನ. ಏ ಫಕ್ಕೀರಾ, ಕುಂಡ್ರ ನೀ!"

ಕಾಕಾ ಕೂರಲಿಲ್ಲ, ಮುಂದೆ ಮಾತೂ ಆಡಲಿಲ್ಲ. ವಿಚಾರಣಾಧಿಕಾರಿ ಇಬ್ಬರು ಮುದುಕರನ್ನೂ ನೋಡಿ ಕನ್ನಡಕ ಹಾಕಿಕೊಂಡರು.

"ನನಗೆ ಯಾರ ಹೆಸರೂ ಬೇಕಾಗಿಲ್ಲ," ಎಂದರು. "ಕಣ್ಣಿಗೆ ಕಂಡದ್ದನ್ನ ಬರೀತೀನಿ. ಹೆಸರು ಕೇಳಿಸದ ಮನುಷ್ಯ ಹೆಸರಿಗೆ ಎದ್ದು ನಿಲ್ಲೋದನ್ನ ಈಗ ನಾನೇ ನೋಡಿದೆ. ಹಾಗಾಗಿ ಈ ಹಾಜರಿ ಪುಸ್ತಕ ಕಿವಿಗೆ ಸಾಕ್ಷಿ ಆಗಲ್ಲ." ಇಲಾಖೆಯ ಅಧಿಕಾರಿ ಏನೋ ಹೇಳಹೋದಾಗ, "ಕಿವಿ ಯಾವತ್ತು ಹೋಯ್ತು, ಯಾಕೆ ಹೋಯ್ತು ಅನ್ನೋದನ್ನ ಕಿವಿ ವೈದ್ಯರು ಪರೀಕ್ಷೆ ಮಾಡಿ ಹೇಳಲಿ. ಅದು ಮುಂದಿನ ಮಾತು. ಸುಳ್ಳು ಅನ್ನೋ ಮಾತನ್ನ ಮಾತ್ರ ತೆಗೀಬೇಕು ಅಂತ ಇವತ್ತೇ ಬರೀತೀನಿ," ಎಂದರು.

ಮೇಡಮ್ ಅದನ್ನು ಒಂದು ಚೀಟಿಯಲ್ಲಿ ಬರೆದು ಅಬ್ಬಾನಿಗೆ ಕೊಟ್ಟರು. ಅವನು ಓದಿ, ಮಡಚಿ, ಅಂಗಿಯ ಕಿಸೆಗೆ ಇಟ್ಟುಕೊಂಡ. ನಗಲಿಲ್ಲ.

ಸ್ಟ್ಯಾಂಡಿನಲ್ಲಿ ಕಾಕಾ ಅಬ್ಬಾನ ಪಕ್ಕ ನಿಲ್ಲಲಿಲ್ಲ. ನನ್ನ ಆಚೆ ಬದಿಗೆ ನಿಂತರು, ಎರಡೂ ಕೈ ಪ್ಯಾಂಟಿನ ಕಿಸೆಯಲ್ಲಿ.

"ಕೈ ಮಾತ ಕೇಳಲಿಲ್ಲ ಯವ್ವಾ," ಎಂದರು. "ಅವನ ಹೆಸರ ಕಿವಿಗೆ ಬಿತ್ತು, ಕೈ ಹೋಗೇ ಬಿಟ್ತು. ಇನ್ನೊಂದ ಕ್ಷಣದಾಗ ಅವನ್ನ ನಾನ ಮುಗಸ್ತಿದ್ನಿ."

"ಹಂಗ ಅನಬ್ಯಾಡ್ರಿ ಕಾಕಾ."

ಹಿರೇಕೆರೂರಿನ ಬಸ್ಸು ಬಂತು. ಕಾಕಾ ಹತ್ತಿ ಕಿಟಕಿಯಿಂದ, "ಬಕ್ಷ್ಯಾ! ಏ ಬಕ್ಷ್ಯಾ!" ಎಂದು ಕೂಗಿದರು. ಕೂಗಿದ ಮೇಲೆ ಅವರಿಗೆ ನೆನಪಾಗಿರಬೇಕು. ಕಿಟಕಿಯಿಂದ ಚಾಚಿದ ಕೈ ಅಲ್ಲೇ ನಿಂತಿತು. ನಾನು ಅಬ್ಬಾನ ಮೊಣಕೈ ತಟ್ಟಿದೆ. ಅವನು ತಿರುಗಿ ಕೈ ಎತ್ತುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.

ನಮ್ಮ ಬಸ್ಸಿನಲ್ಲಿ ಅಬ್ಬಾ ಕಿಟಕಿಯ ಪಕ್ಕ ಕೂತ. ಆಡೂರು ದಾಟಿದ ಮೇಲೆ, ಅವನ ಮಟ್ಟಿಗೆ ಪಿಸುದನಿ ಎನ್ನಬೇಕಾದಂಥ ದನಿಯಲ್ಲಿ, "ಎರಡನೇ ಸಲ ಕರದ್ರಲ್ಲ, ನನಗ ಗೊತ್ತಿತ್ತು," ಎಂದ. ಮುಂದಿನ ಸೀಟಿನವರು ತಿರುಗಿ ನೋಡಿದರು.

ನಾನು ಅವನ ಮುಖ ನೋಡಿದೆ.

"ಬೆಂಚ ನಡಗಾಕತ್ತಿತ್ತು. ನಿನ್ನ ಕಾಲು. ನನ್ನ ಹೆಸರ ಕರ್ಯಾಕತ್ತಾರ ಅಂತ ತಿಳೀತು."

"ಮತ್ತ ಯಾಕ ಏಳಲಿಲ್ಲ?" ಬಿಡಿಸಿ ಬಿಡಿಸಿ ಕೇಳಿದೆ.

"ಕೇಳಿಸಿರಲಿಲ್ಲಲ್ಲ."

ಕಿಟಕಿಯ ಆಚೆ ನೋಡಿದ. "ನೌಕರಿಗೆ ಸೇರಿದಾಗಿಂದ ಹೆಸರ ಕರದಾಗ ಕುಂತಿದ್ದು ಇವತ್ತ ಮೊದಲು. ಏಳೂದಕಿಂತ ಭಾಳ ತ್ರಾಸ ಆತು."

ಬಸ್ಸು ಓಡುತ್ತಿತ್ತು. ಅವನು ಮತ್ತೆ ನನ್ನ ಕಡೆ ತಿರುಗಿದ. ಈಗ ಅವನ ಮುಖದಲ್ಲಿ ಬೇರೆಯದೇ ಒಂದು ಪ್ರಶ್ನೆ ಇತ್ತು, ಕೇಳಲು ನಾಚಿಕೆಪಡುವವನಂತೆ.

"ನೀ ಎದ್ದ ನಿಂತು ಮಾತಾಡಿದೆಲ್ಲ, ಅಷ್ಟ ಮಂದಿ ಮುಂದ. ತುಟಿ ಕಂಡ್ತು ನನಗ." ನನ್ನ ಬಾಯಿಯನ್ನೇ ನೋಡಿದ. "ನಿನ್ನ ದನಿ ಹೆಂಗೈತಿ ಈಗ? ಸಣ್ಣಾಕಿ ಇದ್ದಾಗಿಂದು ನೆನಪೈತಿ. ಈಗಿಂದು ಗೊತ್ತಿಲ್ಲ."

ಅದನ್ನು ನಾನೂ ಅಷ್ಟಾಗಿ ಕೇಳಿದವಳಲ್ಲ. ಅಮ್ಮಿಯಂತೆ ಇದೆ ಎಂದು ಹೇಳೋಣವೆನ್ನಿಸಿತು. ನಿಜವೋ ಅಲ್ಲವೋ ಗೊತ್ತಿರಲಿಲ್ಲ.

"ಸಾಹೇಬ್ರಿಗೆ ಕೇಳ್ತು," ಎಂದೆ.

ಅವನು ನನ್ನ ತುಟಿಗಳನ್ನು ನೋಡಿ, ಹಿಡಿದು, ತಲೆಯಾಡಿಸಿದ.